ಅಯೋಗ್ಯನ ಬಿನ್ನಹ: ಕನ್ನಡ ಸತ್ಯವೇದದಲ್ಲಿ ಕ್ಷಮಾಯಾಚನೆಯ ಭಾಷೆ

ತಪ್ಪು ಮಾಡಿದವನು ದೈವದ ಸನ್ನಿಧಿಯಲ್ಲಿ ಬರಿಗೈಯಿಂದ ನಿಲ್ಲಬಾರದೆಂಬುದು ತುಳುನಾಡಿನ ಪುರಾತನವಾದ ನಂಬಿಕೆ. ಆತನು ತಪ್ಪುಕಾಣಿಕೆಯನ್ನಿಟ್ಟು, ತಲೆಬಾಗಿ, ದೈವದ ನುಡಿಯನ್ನು ಕೇಳಿ ಹಿಂದಿರುಗುವನು. ಕಾಣಿಕೆಯು ಅಲ್ಪವಾಗಿರಬಹುದು; ಆದರೆ ಅದಿಲ್ಲದೆ ಬಿನ್ನಹವು ಪೂರ್ಣವಾಗದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ ತಾಲೂಕಿನಲ್ಲಿ, ಪಾಣೆಮಂಗಳೂರಿಗೆ ಸಮೀಪವಾದ ನರಿಕೊಂಬು ಮೊದಲಾದ ನೇತ್ರಾವತೀ ಪರಿಸರದ ಗ್ರಾಮಗಳಲ್ಲಿ ತುಳುವು ಮನೆಯ ಮಾತು, ಕನ್ನಡವು ಪಾಠಶಾಲೆಯ ಮತ್ತು ಗ್ರಂಥದ ಮಾತು. ಆ ಸೀಮೆಯ ಕಥೋಲಿಕ ಕ್ರೈಸ್ತರಿಗೆ ಕೊಂಕಣಿಯು ಪ್ರಾರ್ಥನೆಯ ಮಾತು. ತಪ್ಪುಕಾಣಿಕೆಯ ಅರ್ಥವನ್ನು ಚೆನ್ನಾಗಿ ಬಲ್ಲ ಇಂಥ ಜನರ ನಡುವೆ ಕ್ರೈಸ್ತರ ಸುವಾರ್ತೆಯು ಒಂದು ಕಥೆಯನ್ನು ಹೇಳುತ್ತದೆ. ಅದರಲ್ಲಿ ಒಬ್ಬ ಮಗನು ತಪ್ಪುಕಾಣಿಕೆಯನ್ನು ಮಾತಿನ ರೂಪದಲ್ಲಿ ಸಿದ್ಧಪಡಿಸಿಕೊಂಡು ತಂದೆಯ ಬಳಿಗೆ ಬರುತ್ತಾನೆ. ತಂದೆಯು ಅದನ್ನು ಇಡಗೊಡುವುದಿಲ್ಲ. ಕ್ಷಮೆಗೆ ತಾನು ಪಾತ್ರನಲ್ಲವೆಂದು ಬಲ್ಲವನು ಕ್ಷಮೆಯನ್ನು ಬೇಡುವುದು ಹೇಗೆ ಎಂಬ ಪ್ರಶ್ನೆಯು ಕ್ರೈಸ್ತಧರ್ಮದ ಹೃದಯದಲ್ಲಿರುವುದು. ಆ ಬೇಡಿಕೆಯನ್ನು ಕನ್ನಡದಲ್ಲಿ ಆಡಿಸಲು ಹೊರಟ ಭಾಷಾಂತರಕಾರರಿಗೆ ಯಾವ ಶಬ್ದಗಳು ಒದಗಿದುವು, ಅವುಗಳಿಂದ ಅರ್ಥವು ಎಲ್ಲಿ ಬೆಳಗಿತು, ಎಲ್ಲಿ ಮಸುಕಾಯಿತು ಎಂಬುದು ಪ್ರಕೃತ ವಿಚಾರ.

ಕನ್ನಡ ಸತ್ಯವೇದದ ಚರಿತ್ರೆಯು ಬಹುಮಟ್ಟಿಗೆ ವಿದಿತವಾದುದೇ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವನು ಬಳ್ಳಾರಿಯಲ್ಲಿ ನೆಲಸಿ ಆರಂಭಿಸಿದ ಕಾರ್ಯವು 1831ರಲ್ಲಿ ಸಂಪೂರ್ಣ ಗ್ರಂಥದ ರೂಪವನ್ನು ತಾಳಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ವೈಗ್ಲೆ ಮೊದಲಾದವರು ಮುಂದೆ ಅದರ ಪರಿಷ್ಕರಣದಲ್ಲಿ ಕೈಗೂಡಿಸಿದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮತ್ತೊಮ್ಮೆ ತಿದ್ದಲ್ಪಟ್ಟ ಪಾಠವು ಬಹುಕಾಲ ಸಭೆಗಳಲ್ಲಿ ರೂಢಿಯಾಯಿತು. ಈ ಗ್ರಂಥದ ಭಾಷೆಯನ್ನು ‘ಪಾದ್ರಿಗನ್ನಡ’ವೆಂದು ಹಳಿಯುವುದು ಪಂಡಿತಗೋಷ್ಠಿಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಕರ್ಮಣಿಪ್ರಯೋಗದ ಅತಿಬಳಕೆ, ಪರಭಾಷೆಯ ವಾಕ್ಯಸರಣಿ, ನಾಮಪದಗಳ ಅಪರಿಚಿತತೆ, ಇವು ದೋಷಗಳೇ ಸರಿ. ಆದರೆ ಹಳಿದವರಲ್ಲಿ ಎಷ್ಟು ಮಂದಿ ಆ ಗ್ರಂಥವನ್ನು ಸಾವಧಾನವಾಗಿ ಓದಿದ್ದರೆಂಬುದು ಬೇರೆ ಮಾತು. ಶಬ್ದಮಣಿದರ್ಪಣವನ್ನು 1872ರಲ್ಲಿಯೂ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚು ಹಾಕಿಸಿದ ಕಿಟ್ಟೆಲರಂಥವರು ಅದೇ ಮಿಶನ್ನಿಗೆ ಸೇರಿದವರೆಂಬುದನ್ನು ನೆನೆದರೆ, ಅವರಿಗೆ ಕನ್ನಡವೇ ಬಾರದೆಂಬ ನಿರ್ಣಯಕ್ಕೆ ಬರುವ ಮೊದಲು ಸ್ವಲ್ಪ ತಡೆಯಬೇಕಾಗುವುದು.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿರುವ ಮಗನ ಕಥೆಯಿಂದಲೇ ಪರಾಮರ್ಶೆಯನ್ನು ಮೊದಲುಮಾಡುವುದು ಯುಕ್ತ. ಕಿರಿಯ ಮಗನು ತಂದೆಯು ಜೀವಿಸಿರುವಾಗಲೇ ದಾಯಭಾಗವನ್ನು ಕೇಳಿ ಪಡೆದು, ದೂರದೇಶದಲ್ಲಿ ಅದನ್ನೆಲ್ಲ ಹಾಳುಮಾಡಿ, ಹಂದಿಗಳನ್ನು ಕಾಯುವ ದುರ್ದಶೆಗೆ ಬರುತ್ತಾನೆ. ಹಸಿವು ಆತನಿಗೆ ಬುದ್ಧಿಯನ್ನು ತರುತ್ತದೆ. ಆಗ ಆತನು ತಂದೆಯ ಮುಂದೆ ಆಡತಕ್ಕ ಮಾತನ್ನು ಮೊದಲೇ ಕಟ್ಟಿಕೊಳ್ಳುತ್ತಾನೆ. ಆ ಮಾತಿಗೆ ಮೂರು ಅಂಗಗಳಿವೆ. ಮೊದಲನೆಯದು ಪಾಪದ ಒಪ್ಪಿಗೆ. ಎರಡನೆಯದು, ಇನ್ನು ಮುಂದೆ ಮಗನೆನ್ನಿಸಿಕೊಳ್ಳಲು ತಾನು ಅಯೋಗ್ಯನೆಂಬ ನಿವೇದನೆ. ಮೂರನೆಯದು, ಕೂಲಿಯಾಳುಗಳಲ್ಲಿ ಒಬ್ಬನನ್ನಾಗಿ ಇರಿಸಿಕೊಳ್ಳಬೇಕೆಂಬ ಬೇಡಿಕೆ. ದಾರಿಯುದ್ದಕ್ಕೂ ಈ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿರಬೇಕು. ಆದರೆ ತಂದೆಯು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಂಡ ಮೇಲೆ ಮಗನ ಬಾಯಿಂದ ಹೊರಡುವುದು ಮೊದಲನೆಯ ಎರಡು ಅಂಗಗಳು ಮಾತ್ರ. ಕೆಲವು ಪುರಾತನ ಗ್ರೀಕ್ ಪ್ರತಿಗಳಲ್ಲಿ ಮೂರನೆಯ ಅಂಗವೂ ಪುನರುಕ್ತವಾಗಿರುವುದುಂಟು. ಅದು ಮೇಲಿನ ವಾಕ್ಯದಿಂದ ಲಿಪಿಕಾರನು ತಂದು ತುಂಬಿದುದೆಂದು ಪಾಠವಿಮರ್ಶಕರಲ್ಲಿ ಬಹುಮಂದಿ ನಿರ್ಣಯಿಸಿರುವರು. ಈ ನಿರ್ಣಯವು ಕಾವ್ಯದೃಷ್ಟಿಗೂ ಒಪ್ಪುವಂಥದು. ಲಿಪಿಕಾರನಿಗೆ ಅಪೂರ್ಣವೆಂದು ತೋರಿದುದೇ ಕಥೆಯ ಪ್ರಾಣ. ಮಗನು ತಾನು ಅಯೋಗ್ಯನೆಂದು ಹೇಳಬಹುದು, ತಂದೆಯು ಅದನ್ನು ಕೇಳಿಸಿಕೊಳ್ಳುತ್ತಾನೆ, ಅಲ್ಲವೆಂದು ವಾದಿಸುವುದೂ ಇಲ್ಲ. ಆದರೆ ಆ ಅಯೋಗ್ಯತೆಯಿಂದ ಮಗನು ತೆಗೆಯಲಿದ್ದ ಫಲಿತಾರ್ಥವನ್ನು, ಎಂದರೆ ದುಡಿದು ತೀರಿಸುವೆನೆಂಬ ತಪ್ಪುಕಾಣಿಕೆಯನ್ನು, ಆಡುವುದಕ್ಕೆ ಅವಕಾಶವನ್ನು ಕೊಡುವುದಿಲ್ಲ. ಆಳುಗಳನ್ನು ಕೂಗಿ ನಿಲುವಂಗಿ, ಉಂಗುರ, ಜೋಡು ತರಲು ಹೇಳುತ್ತಾನೆ. ಕೂಲಿಯಾಳಾಗಬೇಕೆಂದು ಬಂದವನಿಗೆ ಆಳುಗಳೇ ಜೋಡು ತೊಡಿಸುವಂತಾಗುತ್ತದೆ.

ಇಲ್ಲಿ ಕನ್ನಡ ಭಾಷಾಂತರಕಾರರು ಹಿಡಿದ ಶಬ್ದವು ‘ಯೋಗ್ಯ’. ಗ್ರೀಕ್ ಮೂಲದ ‘ಆಕ್ಸಿಯೊಸ್’ ಎಂಬುದು ತಕ್ಕಡಿಯ ಮಾತು. ತೂಕದಲ್ಲಿ ಸಮವಾಗಿ ನಿಲ್ಲುವುದು, ಬೆಲೆಗೆ ಸರಿದೂಗುವುದು ಎಂಬುದು ಅದರ ಹಿಂದಿನ ಅರ್ಥ. ಸಂಸ್ಕೃತದ ‘ಯೋಗ್ಯ’ವು ಯುಜ್ ಧಾತುವಿನಿಂದ ಹುಟ್ಟಿ ಕೂಡಿಕೆಯನ್ನು ಹೇಳುತ್ತದೆಯೇ ಹೊರತು ತೂಕವನ್ನಲ್ಲ. ಈ ವ್ಯತ್ಯಾಸದಿಂದ ಲಾಭವೂ ಉಂಟು, ಹಾನಿಯೂ ಉಂಟು. ಲಾಭವನ್ನು ಶಾಸ್ತ್ರಜ್ಞರು ಬೇಗನೆ ಕಾಣಬಲ್ಲರು. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ತರ್ಕಶಾಸ್ತ್ರವು ಹೇಳುತ್ತದೆ. ಬೆಂಕಿಯಿಂದ ನೆನೆಸುವುದೆಂಬಲ್ಲಿ ಪದಗಳು ಪಕ್ಕಪಕ್ಕದಲ್ಲಿದ್ದರೂ ಯೋಗ್ಯತೆಯಿಲ್ಲದುದರಿಂದ ಅನ್ವಯವಾಗದೆಂಬುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ಉದಾಹರಣೆ. ಮಗನ ಮಾತೂ ಒಂದು ಬಗೆಯಲ್ಲಿ ಇಂಥದೇ: ‘ನಾನು’ ಎಂಬ ಪದಕ್ಕೂ ‘ನಿನ್ನ ಮಗ’ ಎಂಬ ಪದಕ್ಕೂ ಇನ್ನು ಅನ್ವಯವಿಲ್ಲವೆಂದು ಆತನು ಹೇಳುತ್ತಿರುವನು. ತಂದೆಯು ಈ ವ್ಯಾಕರಣವನ್ನು ತಿದ್ದುವ ಕ್ರಮವು ಗಮನಿಸತಕ್ಕದ್ದು. ಯೋಗ್ಯತೆಯು ಸಿದ್ಧವಾಗುವವರೆಗೆ ಕಾಯದೆ ಓಡಿಬಂದು ಸನ್ನಿಧಿಯನ್ನು ಮೊದಲು ಉಂಟುಮಾಡುತ್ತಾನೆ. ಆಮೇಲೆ ಈತನು ತನ್ನ ಮಗನೆಂದು ಎಲ್ಲರ ಮುಂದೆ ನುಡಿದು ಆ ಮುರಿದ ವಾಕ್ಯವನ್ನು ತಾನೇ ಪೂರ್ಣಮಾಡುತ್ತಾನೆ.

ಇದೇ ಅನ್ವಯದ ಕಲಹವು ಕಥೆಯ ಕೊನೆಯಲ್ಲಿ ಮತ್ತೆ ಬರುವುದು. ಹೊಲದಿಂದ ಬಂದ ಹಿರಿಯ ಮಗನು ತಮ್ಮನನ್ನು ತಮ್ಮನೆನ್ನದೆ, ತಂದೆಗೆ ‘ಈ ನಿನ್ನ ಮಗ’ನೆಂದು ಹಂಗಿಸಿ ಹೇಳುತ್ತಾನೆ; ತಂದೆಯು ಉತ್ತರವಿತ್ತು ಮುಗಿಸುವಾಗ ‘ಈ ನಿನ್ನ ತಮ್ಮ’ನೆಂದು ಸರ್ವನಾಮವನ್ನು ಮೆಲ್ಲನೆ ತಿದ್ದುತ್ತಾನೆ. ಹಿರಿಯವನು ಇಷ್ಟು ವರ್ಷ ತಾನು ದುಡಿದುದನ್ನು ಲೆಕ್ಕ ಹಾಕಿ ಹೇಳುವುದರಿಂದ, ಕಿರಿಯವನು ಬೇಡಲಿದ್ದ ಕೂಲಿಯಾಳಿನ ಪದವಿಯಲ್ಲಿ ಈತನು ಮನೆಯಲ್ಲಿದ್ದುಕೊಂಡೇ ಬಹುಕಾಲದಿಂದ ನಿಂತಿರುವನೆಂಬುದು ಹೊರಬೀಳುತ್ತದೆ. ಕನ್ನಡದ ಪಾಠಪುಸ್ತಕಗಳು ಈ ಕಥೆಯನ್ನು ಎತ್ತಿಕೊಂಡಾಗಲೆಲ್ಲ ಹಿರಿಯ ಮಗನ ಭಾಗವನ್ನು ಬಿಟ್ಟು, ದುಂದುಗಾರನಿಗೆ ನೀತಿಬೋಧೆಯಾಗಿ ಮುಗಿಸುವ ಪ್ರವೃತ್ತಿಯು ಶೋಚನೀಯವಾದುದು. ಹಾಗೆ ಮಾಡಿದರೆ ಕಥೆಯು ಹಿತೋಪದೇಶದ ಮಟ್ಟಕ್ಕೆ ಇಳಿಯುವುದು.

ಇನ್ನು ಹಾನಿ. ಉಡುಪಿಯಿಂದ ಹಬ್ಬಿದ ಮಾಧ್ವಸಿದ್ಧಾಂತದ ಪ್ರಭಾವವುಳ್ಳ ಈ ಕರಾವಳಿಯಲ್ಲಿ ‘ಯೋಗ್ಯತೆ’ ಎಂಬುದು ಲೋಕರೂಢಿಯ ಮಾತು ಮಾತ್ರವಲ್ಲ, ಪಾರಿಭಾಷಿಕ ಶಬ್ದವೂ ಹೌದು. ಆ ದರ್ಶನದಲ್ಲಿ ಸ್ವರೂಪಯೋಗ್ಯತೆಯು ಜೀವನಿಗೆ ಅನಾದಿಯಾದುದು. ಸಾಧನೆಯಿಂದ ಪ್ರಕಟವಾಗುವುದೇ ಹೊರತು ಹೊಸದಾಗಿ ಉಂಟಾಗತಕ್ಕದ್ದಲ್ಲ, ಮಾರ್ಪಡತಕ್ಕದ್ದೂ ಅಲ್ಲ. ಈ ಸಂಸ್ಕಾರವುಳ್ಳ ಕಿವಿಗೆ ‘ಯೋಗ್ಯನಲ್ಲ’ವೆಂಬುದು ‘ಸ್ವಭಾವದಿಂದಲೇ ಅನರ್ಹ’ನೆಂದು ಕೇಳಿಸುವ ಅಪಾಯವುಂಟು. ಲೂಕನ ಕಥೆಯಲ್ಲಿ ಅಯೋಗ್ಯತೆಯು ಸ್ವಭಾವದ್ದಲ್ಲ, ಕೃತ್ಯದ್ದು. ಮಗನು ಹಿಂದೆ ಯೋಗ್ಯನಾಗಿದ್ದನು, ಈಗ ಅಲ್ಲ. ಈ ಭೇದವನ್ನು ಕನ್ನಡ ಪಾಠದಲ್ಲಿ ಕಾಪಾಡಿರುವುದು ‘ಇನ್ನು’ ಎಂಬ ಒಂದು ಸಣ್ಣ ಅವ್ಯಯ. ಸಭೆಯಲ್ಲಿ ಗಟ್ಟಿಯಾಗಿ ಓದುವವರು ಅದನ್ನು ನುಂಗಿ ಓದಿದರೆ ಒಂದು ದರ್ಶನದ ಮಾತು ಮತ್ತೊಂದರ ಮಾತಾಗಿ ಹೋಗುವುದು. ‘ತಕ್ಕವನಲ್ಲ’ ಎಂಬ ದೇಶ್ಯಪದವನ್ನು ಹಿಡಿದಿದ್ದರೆ ಈ ತೊಡಕು ಇರುತ್ತಿರಲಿಲ್ಲ. ತೂಕದ ಮೂಲಾರ್ಥಕ್ಕೂ ಅದು ಹತ್ತಿರವಾಗುತ್ತಿತ್ತು.

ಶಬ್ದದ ಆಯ್ಕೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟವು ‘ಕ್ಷಮಿಸು’ ಎಂಬಲ್ಲಿ ಆಗಿದೆಯೆನ್ನಬೇಕು. ಕ್ಷಮೆಯು ಸಹನಾರ್ಥಕವಾದ ಧಾತುವಿನಿಂದ ಬಂದುದು. ಭೂಮಿಯನ್ನು ಕ್ಷಮೆಯೆನ್ನುವುದು ಅದು ಎಲ್ಲರ ಭಾರವನ್ನೂ ತಾಳಿಕೊಳ್ಳುವುದರಿಂದ. ಹೀಗೆ ಈ ಶಬ್ದವು ಕ್ಷಮಿಸುವವನ ತಾಳ್ಮೆಯನ್ನು ಹೇಳುವುದೇ ಹೊರತು ಕ್ಷಮೆಯನ್ನು ಪಡೆದವನಿಗೆ ಏನಾಯಿತೆಂಬುದನ್ನು ಹೇಳುವುದಿಲ್ಲ. ಗ್ರೀಕ್ ಮೂಲದ ‘ಅಫಿಯೇಮಿ’ ಎಂಬ ಕ್ರಿಯಾಪದವು ಬಿಟ್ಟುಬಿಡುವುದು, ಕಳುಹಿಸಿಬಿಡುವುದು ಎಂಬ ಅರ್ಥದ್ದು. ಸಾಲವನ್ನು ವಜಾ ಮಾಡುವುದಕ್ಕೂ ಅದೇ ಪದ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಮತ್ತಾಯನು ಸಾಲವೆಂಬ ಪದವನ್ನೇ ಪ್ರಯೋಗಿಸಿರುವನು, ಲೂಕನು ಪಾಪವೆನ್ನುವನು. ಕನ್ನಡದಲ್ಲಿ ಅದು ‘ತಪ್ಪು’ ಆಗಿದೆ. ಒಕ್ಕಲುತನದ ನಾಡಿನಲ್ಲಿ ಗೇಣಿಯ ಬಾಕಿಯೆಂದರೆ ಏನೆಂಬುದನ್ನು ಹೊಸದಾಗಿ ತಿಳಿಸಬೇಕಾಗಿರಲಿಲ್ಲ. ತೀರಿಸಲಾರದ ಬಾಕಿಯನ್ನು ಧಣಿಯು ಕಡತದಿಂದ ಹೊಡೆದು ಹಾಕಿದನೆಂಬ ಚಿತ್ರವು ನೇತ್ರಾವತಿಯ ದಡದ ಒಕ್ಕಲಿಗನಿಗೆ ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಯುತ್ತಿತ್ತು. ಭಾಷಾಂತರಕಾರರು ಸಾಲದ ಮಾತು ದೇವರ ವಿಷಯದಲ್ಲಿ ಒರಟೆಂದು ಹಿಂಜರಿದರೋ ಏನೋ.

ಆದರೆ ಕನ್ನಡದ ಭಂಡಾರದಲ್ಲಿ ‘ಕ್ಷಮಿಸು’ ಎಂಬುದಕ್ಕಿಂತ ಈ ಕಥೆಗೆ ಹತ್ತಿರವಾದ ಬೇರೊಂದು ಪದವಿತ್ತು. ಅದು ‘ಮನ್ನಿಸು’. ಮನ್ನಣೆ ಮಾಡು, ಗೌರವಿಸು ಎಂಬುದು ಅದರ ಮೊದಲನೆಯ ಅರ್ಥ. ತಪ್ಪನ್ನು ಬಿಟ್ಟುಕೊಡು ಎಂಬುದು ಎರಡನೆಯದು. ಎರಡೂ ಹಿಂದಿನಿಂದ ಬಳಕೆಯಲ್ಲಿರುವುವು. ಒಂದೇ ಕ್ರಿಯಾಪದದಲ್ಲಿ ಗೌರವವೂ ಕ್ಷಮೆಯೂ ಬೆಸೆದುಕೊಂಡಿರುವುದು ಈ ಭಾಷೆಯ ಭಾಗ್ಯವೆಂದೇ ಹೇಳಬೇಕು. ತಪ್ಪಿತಸ್ಥನನ್ನು ಮನ್ನಿಸುವುದೆಂದರೆ ಆತನ ತಪ್ಪನ್ನು ಸಹಿಸಿ ಸುಮ್ಮನಿರುವುದಲ್ಲ. ಕಳೆದುಕೊಂಡ ಮರ್ಯಾದೆಯನ್ನು ಮರಳಿ ಕೊಡುವುದು. ನಿಲುವಂಗಿಯೂ ಉಂಗುರವೂ ಜೋಡೂ ಇದೇ ಅರ್ಥದ ಮೂರು ಅಲಂಕಾರಗಳಲ್ಲದೆ ಮತ್ತೇನು? ‘ಕ್ಷಮಿಸು’ ಎಂದರೆ ತಂದೆಯು ಬಾಗಿಲನ್ನು ತೆರೆದನೆಂದಷ್ಟೇ ಆಗುವುದು. ‘ಮನ್ನಿಸು’ ಎಂದರೆ ಮಗನನ್ನು ಪಂಕ್ತಿಯಲ್ಲಿ ಕುಳ್ಳಿರಿಸಿದನೆಂದಾಗುವುದು. ಪೂಜೆ, ವ್ರತಗಳ ಕೊನೆಯಲ್ಲಿ ಹೇಳುವ ಅಪರಾಧಕ್ಷಮಾಪಣದ ಸಂಸ್ಕಾರವು ಪಂಡಿತಸಹಾಯಕರ ಮೂಲಕ ಭಾಷಾಂತರಕಾರರ ಕಿವಿಗೆ ಮೊದಲು ಬಿದ್ದಿರುವುದು ಅಸಂಭವವಲ್ಲ. ಸಂಸ್ಕೃತಪದವೆಂದರೆ ಪವಿತ್ರಪದವೆಂಬ ಭ್ರಮೆಯು ಪಾದ್ರಿಗಳಿಗೆ ಪಂಡಿತರಿಂದಲೇ ಅಂಟಿದ ಬೇನೆ.

ಮೆಚ್ಚತಕ್ಕ ಕಡೆಯಲ್ಲಿ ಮೆಚ್ಚಲೂ ಬೇಕು. ಸುವಾರ್ತೆಗಳಲ್ಲಿ ಪಾಪಿಗೆ ಹೇಳುವ ಮೊದಲ ಮಾತಾದ ‘ಮೆತನೊಯ’ಕ್ಕೆ ರೂಢಿಯ ಕನ್ನಡ ಪಾಠದಲ್ಲಿ ದೇವರ ಕಡೆಗೆ ‘ತಿರುಗಿಕೊಳ್ಳು’ವುದೆಂದು ಹೇಳಿರುವರು. ಗ್ರೀಕ್ ಪದವು ಮನಸ್ಸಿನ ಮಾರ್ಪಾಟನ್ನು ಹೇಳುತ್ತದೆ. ಅದರ ಹಿಂದಿರುವ ಹೀಬ್ರೂ ಭಾಷೆಯ ‘ಶೂಬ್’ ಎಂಬುದು ನಡೆಯುವವನು ಹಿಂದಿರುಗುವುದನ್ನು ಹೇಳುತ್ತದೆ. ಕನ್ನಡದವರು ಗ್ರೀಕನ್ನು ದಾಟಿ ಹೀಬ್ರೂವಿನ ಹತ್ತಿರಕ್ಕೆ ಹೋದರು. ‘ಕೊಳ್ಳು’ ಎಂಬ ಸಹಾಯಕ್ರಿಯೆಯಿಂದ ಆತ್ಮನೇಪದದ ಛಾಯೆಯೂ ಬಂದಿದೆ. ‘ಪಶ್ಚಾತ್ತಾಪ’ವೆಂದಿದ್ದರೆ ಹಿಂದಿನದನ್ನು ನೆನೆದು ಬೇಯುವುದೆಂದು ಮಾತ್ರ ಆಗುತ್ತಿತ್ತು, ‘ತಿರುಗಿಕೊಳ್ಳು’ ಎಂಬಲ್ಲಿ ಮುಂದೆ ಯಾರೋ ಇದ್ದಾರೆಂಬುದು ಅಡಗಿದೆ.

ಈ ಭೇದವು ಕೇವಲ ಶಬ್ದವಿಲಾಸವಲ್ಲವೆಂಬುದಕ್ಕೆ ಯೂದ ಮತ್ತು ಪೇತ್ರರ ವೃತ್ತಾಂತಗಳೇ ಸಾಕ್ಷಿ. ಇಬ್ಬರೂ ಶಿಷ್ಯರು, ಇಬ್ಬರೂ ಒಂದೇ ರಾತ್ರಿಯಲ್ಲಿ ಗುರುದ್ರೋಹವನ್ನು ಮಾಡಿದವರು. ಒಬ್ಬನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟನು. ಮತ್ತೊಬ್ಬನು ಆತನನ್ನು ಅರಿಯೆನೆಂದು ಮೂರು ಸಾರಿ ಹೇಳಿದನು. ಧರ್ಮಶಾಸ್ತ್ರದ ತಕ್ಕಡಿಯಲ್ಲಿಟ್ಟು ನೋಡಿದರೆ ಪಶ್ಚಾತ್ತಾಪದ ಅಂಗಗಳು ಯೂದನಲ್ಲಿಯೇ ಹೆಚ್ಚು ಪೂರ್ಣವಾಗಿರುವುವು. ಮನುವು ಪಾಪಮೋಚನೆಗೆ ಹೇಳಿದ ಉಪಾಯಗಳಲ್ಲಿ ಮೊದಲನೆಯ ಎರಡು ಖ್ಯಾಪನ ಮತ್ತು ಅನುತಾಪ, ಎಂದರೆ ಪಾಪವನ್ನು ಹೊರಗೆ ಹೇಳಿಕೊಳ್ಳುವುದು ಮತ್ತು ಅದಕ್ಕಾಗಿ ಮರುಗುವುದು. ಯೂದನು ಮರುಗಿದನು, ನಿರಪರಾಧಿಯ ರಕ್ತಕ್ಕೆ ದ್ರೋಹ ಬಗೆದೆನೆಂದು ಮಹಾಯಾಜಕರ ಮುಂದೆ ಬಾಯಿಬಿಟ್ಟು ಹೇಳಿದನು, ಪಡೆದ ಹಣವನ್ನು ದೇವಾಲಯದಲ್ಲಿ ಬಿಸುಟನು. ಪೇತ್ರನಾದರೋ ಹೊರಗೆ ಹೋಗಿ ಅತ್ತನು, ಅಷ್ಟೇ. ಯಾರ ಮುಂದೆಯೂ ಒಪ್ಪಿಕೊಂಡಂತೆ ಕಾಣುವುದಿಲ್ಲ. ಹಿಂದಿರುಗಿಸತಕ್ಕದ್ದೂ ಆತನಲ್ಲಿ ಏನೂ ಇರಲಿಲ್ಲ. ಆದರೂ ಒಬ್ಬನು ನೇಣಿಗೆ ಹೋದನು, ಇನ್ನೊಬ್ಬನು ಸಭೆಗೆ ಹಿರಿಯನಾದನು. ಮತ್ತಾಯನು ಯೂದನ ವಿಷಯದಲ್ಲಿ ‘ಮೆತನೊಯ’ದ ಕ್ರಿಯಾಪದವನ್ನು ಬಳಸದೆ, ಮನೋವ್ಯಥೆಯನ್ನು ಮಾತ್ರ ಹೇಳುವ ‘ಮೆತಮೆಲೊಮೈ’ ಎಂಬ ಬೇರೆ ಪದವನ್ನು ಬಳಸಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಯೂದನಲ್ಲಿ ತಾಪವಿತ್ತು, ತಿರುಗುವಿಕೆಯು ಇರಲಿಲ್ಲ. ತಪ್ಪನ್ನು ಯಾರ ವಿಷಯದಲ್ಲಿ ಮಾಡಿದನೋ ಅವನ ಬಳಿಗೆ ಹೋಗದೆ, ತಪ್ಪಿಗೆ ಹಣ ಕೊಟ್ಟವರ ಬಳಿಗೆ ಹೋಗಿ ತಪ್ಪುಕಾಣಿಕೆಯನ್ನಿಟ್ಟನು. ಅವರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಂಡರು. ಪೇತ್ರನ ಕಡೆಗೆ, ಲೂಕನು ಹೇಳುವಂತೆ, ಬಂಧಿತನಾಗಿದ್ದ ಗುರುವೇ ತಿರುಗಿ ನೋಡಿದನು. ಪೇತ್ರನ ತಿರುಗುವಿಕೆಗೆ ಮೊದಲೇ ಗುರುವು ತಿರುಗಿದ್ದನು. ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಸರೋವರದ ದಡದಲ್ಲಿ ಇದ್ದಲ ಬೆಂಕಿಯ ಪಕ್ಕದಲ್ಲಿ, ಅವನಿಗೆ ಮೂರು ಸಾರಿ ಒಂದೇ ಪ್ರಶ್ನೆಯು ಹಾಕಲ್ಪಡುವುದು. ತಪ್ಪನ್ನು ಕುರಿತ ಪ್ರಶ್ನೆಯಲ್ಲ ಅದು; ಪ್ರೀತಿಯನ್ನು ಕುರಿತದ್ದು. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಗುರುವನ್ನು ಅರಿಯೆನೆಂದು ಹೇಳಿದಾಗಲೂ ಇದ್ದಲ ಬೆಂಕಿಯೇ ಉರಿಯುತ್ತಿತ್ತೆಂದು ಅದೇ ಗ್ರಂಥವು ಮೊದಲು ಹೇಳಿತ್ತು. ಆ ಪದವು ಹೊಸ ಒಡಂಬಡಿಕೆಯಲ್ಲಿ ಈ ಎರಡು ಸ್ಥಳಗಳಲ್ಲಿ ಮಾತ್ರ ಬರುವುದು. ಕನ್ನಡ ಭಾಷಾಂತರವು ಎರಡು ಕಡೆಯಲ್ಲಿಯೂ ಒಂದೇ ಪದವನ್ನು ಉಳಿಸಿಕೊಂಡರೆ ಮಾತ್ರ ಈ ಧ್ವನಿಯು ಓದುಗನಿಗೆ ದಕ್ಕುವುದು.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ದೈನ್ಯವು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು. ಬಂದು ಹೋಗುವುದು ಅದರ ಧರ್ಮ. ಭಗವದ್ವಿಷಯಕವಾದ ರತಿಯು ಸ್ಥಾಯಿಯಾಗಿರುವಾಗ ದೈನ್ಯವು ಅದನ್ನು ಪೋಷಿಸುತ್ತದೆ. ದೈನ್ಯವೇ ಸ್ಥಾಯಿಯ ಪೀಠವನ್ನು ಏರಿ ಕುಳಿತರೆ ಯೂದನ ಗತಿಯಾಗುವುದು. ಹೀನಭಾವವು ಆಳವಾದಷ್ಟೂ ಭಕ್ತಿಯು ಆಳವೆಂದು ತಿಳಿಯುವ ಪ್ರಾರ್ಥನಾಪುಸ್ತಕಗಳು ಎಲ್ಲ ಮತಗಳಲ್ಲಿಯೂ ಇವೆ. ಕನ್ನಡ ಕ್ರೈಸ್ತಸಾಹಿತ್ಯದಲ್ಲಿಯೂ ಹುಳುವೆಂದೂ ಧೂಳೆಂದೂ ಕಸವೆಂದೂ ಉಪಮಾನಗಳನ್ನು ರಾಶಿಹಾಕುವ ಪದ್ಯಗಳಿಗೆ ಕೊರತೆಯಿಲ್ಲ. ಜರ್ಮನ್ ರಾಗಗಳ ಅಚ್ಚಿಗೆ ಕನ್ನಡದ ಲಘುಗುರುಗಳನ್ನು ಮುರಿದು ತುಂಬಿದ ಇಂಥ ಗೀತಗಳಲ್ಲಿ ಅಯೋಗ್ಯತೆಯು ಒಂದು ಅರ್ಹತೆಯ ವೇಷವನ್ನು ಧರಿಸಿ ಬರುತ್ತದೆ: ತನ್ನಷ್ಟು ಪಾಪಿಯು ಮತ್ತೊಬ್ಬನಿಲ್ಲವೆಂದು ಹೇಳುವವನಿಗೆ ಅದರಲ್ಲಿಯೂ ಅಗ್ರಸ್ಥಾನದ ಆಸೆಯುಂಟು. ಮೂಲದಲ್ಲಿರುವ ಪಾಪಿಗಳು ಹಾಗೆ ಮಾತನ್ನು ಬೆಳೆಸುವುದಿಲ್ಲ. ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ದೂರದಲ್ಲಿ ನಿಂತು ಎದೆಯನ್ನು ಬಡಿದುಕೊಳ್ಳುವ ಸುಂಕದವನ ಪ್ರಾರ್ಥನೆಯು ಒಂದೇ ವಾಕ್ಯ. ಪಕ್ಕದ ಫರಿಸಾಯನದು ಅದಕ್ಕಿಂತ ಬಹಳ ಉದ್ದ. ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡಂತೆ ಎಂಬ ಗಾದೆಯಿರುವ ನಾಡಿನಲ್ಲಿ ಈ ಪಾತ್ರದ ಆಯ್ಕೆಯು ತಾನಾಗಿಯೇ ಬೆಳಗುವುದು. ಯಾರ ಗೋಳನ್ನೂ ಕೇಳದವನು ಈಗ ತನ್ನ ಗೋಳನ್ನು ಹೇಳಿಕೊಳ್ಳುತ್ತಿರುವನು. ಆತನು ಬಳಸುವ ಗ್ರೀಕ್ ಕ್ರಿಯಾಪದವು ಬಲಿಪೀಠಕ್ಕೆ ಸಂಬಂಧಿಸಿದ್ದು, ದೋಷಪರಿಹಾರದ ಮೂಲಕ ಪ್ರಸನ್ನನಾಗು ಎಂಬ ಅರ್ಥದ್ದು. ಕನ್ನಡದ ‘ಕರುಣಿಸು’ ಎಂಬಲ್ಲಿ ಅದು ಕಾಣದಾಗಿದೆ. ಆತನು ನೀತಿವಂತನೆಂದು ಎಣಿಸಲ್ಪಟ್ಟು ಮನೆಗೆ ಹೋದನೆಂಬಲ್ಲಿ ಬರುವ ಕರ್ಮಣಿಪ್ರಯೋಗವನ್ನಾದರೋ ಪಾದ್ರಿಗನ್ನಡದ ದೋಷಗಳ ಪಟ್ಟಿಯಲ್ಲಿ ಸೇರಿಸಲಾಗದು. ಕರ್ತೃವು ದೇವರು, ಸುಂಕದವನದು ಕರ್ಮದ ಸ್ಥಾನವೇ. ವ್ಯಾಕರಣವು ಅಲ್ಲಿ ತತ್ತ್ವವನ್ನೇ ಅನುಸರಿಸಿದೆ.

ಶತಾಧಿಪತಿಯ ಪ್ರಸಂಗವು ಇದಕ್ಕೆ ಮತ್ತೊಂದು ಮುಖ. ಆತನು ಸಭಾಮಂದಿರವನ್ನು ಕಟ್ಟಿಸಿಕೊಟ್ಟವನಾದುದರಿಂದ ಉಪಕಾರಕ್ಕೆ ಯೋಗ್ಯನೆಂದು ಊರ ಹಿರಿಯರು ಯೇಸುವಿನ ಮುಂದೆ ಶಿಫಾರಸು ಮಾಡುತ್ತಾರೆ. ಆತನೇ ಕಳುಹಿಸಿದ ಮಾತಿನಲ್ಲಿಯಾದರೋ, ಯೇಸುವು ತನ್ನ ಮನೆಗೆ ಬರುವಷ್ಟು ಯೋಗ್ಯತೆಯು ತನಗಿಲ್ಲವೆಂದಿದೆ. ಹಿರಿಯರ ಪ್ರಮಾಣಪತ್ರವೂ ಆತನ ನಿರಾಕರಣವೂ ಒಂದೇ ಪ್ರಸಂಗದಲ್ಲಿ ಎದುರುಬದುರಾಗಿ ನಿಲ್ಲುವುವು. ಯೇಸುವು ಮೆಚ್ಚುವುದು ಎರಡನ್ನೂ ಅಲ್ಲ, ಒಂದು ಮಾತಿನಿಂದಲೇ ಆಳು ಗುಣವಾಗುವನೆಂಬ ಆತನ ನಂಬಿಕೆಯನ್ನು. ಕಥೋಲಿಕರ ಪೂಜಾಕ್ರಮದಲ್ಲಿ ಪ್ರಸಾದವನ್ನು ಸ್ವೀಕರಿಸುವ ಮುನ್ನ ಎಲ್ಲರೂ ಈ ಶತಾಧಿಪತಿಯ ಮಾತನ್ನು ಆಧರಿಸಿದ ಪ್ರಾರ್ಥನೆಯನ್ನು ಹೇಳುವರು. ಎರಡನೆಯ ವಾಟಿಕನ್ ಮಹಾಸಭೆಯು (1962-65) ದೇಶಭಾಷೆಗಳಿಗೆ ಅವಕಾಶವನ್ನು ಕೊಡುವವರೆಗೆ ಬಂಟವಾಳದ ಕಡೆಯ ದೇವಾಲಯಗಳಲ್ಲಿಯೂ ಅದು ಲತೀನ್ ಭಾಷೆಯಲ್ಲಿತ್ತು. ಅಯೋಗ್ಯನೆಂದು ಹೇಳಿ ಹಿಂದಿರುಗುವುದಲ್ಲ, ಹಾಗೆಂದು ಹೇಳಿಯೇ ಮುಂದಕ್ಕೆ ಹೆಜ್ಜೆಯಿಡುವುದು ಈ ವಿಧಿಯ ಸ್ವಾರಸ್ಯ.

ಇದು ಈ ನಾಡಿನ ಭಕ್ತಿಮಾರ್ಗಗಳಿಗೆ ಅಪರಿಚಿತವಾದ ನೆಲೆಯಲ್ಲ. ಶರಣಾಗತಿಯ ಆರು ಅಂಗಗಳಲ್ಲಿ ಕಾರ್ಪಣ್ಯವೂ ಒಂದು. ತನ್ನಲ್ಲಿ ಬೇರೆ ಉಪಾಯವೇ ಇಲ್ಲವೆಂಬ ಅರಿವು ಅದು. ಯಾಮುನಾಚಾರ್ಯರು ಸ್ತೋತ್ರರತ್ನದಲ್ಲಿ ಧರ್ಮನಿಷ್ಠೆಯೂ ಆತ್ಮಜ್ಞಾನವೂ ಭಕ್ತಿಯೂ ತಮಗಿಲ್ಲವೆಂದು ಹೇಳಿಕೊಂಡು, ಆ ಇಲ್ಲದಿರುವಿಕೆಯಿಂದಲೇ ಶರಣುಹೋಗುವರು. ಶರಣಾದವನ ದೋಷವೇ ಭಗವಂತನಿಗೆ ಭೋಗ್ಯವೆಂದು ತೆಂಕಲೆ ಪಂಥದ ಪಿಳ್ಳೈ ಲೋಕಾಚಾರ್ಯರ ಪರಂಪರೆಯು ಹೇಳಿದರೆ, ವೇದಾಂತದೇಶಿಕರು ಆ ಮಾತನ್ನು ಒಪ್ಪದೆ ಭಗವಂತನು ದೋಷವನ್ನು ಗಣಿಸುವುದಿಲ್ಲವೆಂದು ಮಾತ್ರ ಹೇಳುವರು. ಕ್ರೈಸ್ತರಲ್ಲಿಯೂ ಇದೇ ಕಾಲುದಾರಿಗಳು ಕಾಣುವುವು. ಬಸವಣ್ಣನವರ ಆತ್ಮನಿರೀಕ್ಷೆಯ ವಚನಗಳನ್ನೂ, ಪ್ರತಿಪದ್ಯವೂ ರಕ್ಷಣೆಯ ಬಿನ್ನಹದಲ್ಲಿ ಮುಗಿಯುವ ಕನಕದಾಸರ ಹರಿಭಕ್ತಿಸಾರವನ್ನೂ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1848ರಿಂದ ಮಂಗಳೂರಿನಲ್ಲಿ ಹೊರಟ ಕನ್ನಡ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣಗಳ ಜೊತೆಗೆ ದಾಸರ ಪದಗಳನ್ನೂ ಅಚ್ಚು ಮಾಡಿಸಿದವನು ಮೋಗ್ಲಿಂಗನೇ. ಆ ಪದಗಳ ದೈನ್ಯವೂ ಸಲುಗೆಯೂ ಕಿವಿಯಲ್ಲಿದ್ದ ಮಿಶನ್ನಿನವರು ತಮ್ಮ ಗೀತಗಳನ್ನು ಬರೆಯುವಾಗ ದೈನ್ಯವನ್ನು ಮಾತ್ರ ತೆಗೆದುಕೊಂಡು ಸಲುಗೆಯನ್ನು ಬಿಟ್ಟುದು ವಿಚಿತ್ರ. ದಾಸನು ತನ್ನನ್ನು ಹಳಿದುಕೊಂಡ ಮರುಕ್ಷಣದಲ್ಲಿಯೇ ದೇವರೊಡನೆ ಜಗಳವಾಡಬಲ್ಲನು. ಆ ಧೈರ್ಯವಿಲ್ಲದ ದೈನ್ಯವು ಗೀತದಲ್ಲಿ ಜೋಲುಬೀಳುವುದು. 1862ರ ಕಥಾಮಾಲೆಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದ ಕಿಟ್ಟೆಲರು ಸರಿಯಾದ ದಾರಿಯನ್ನು ಹಿಡಿದಿದ್ದರು. ಅವರ ಹಿಂದೆ ಆ ದಾರಿಯಲ್ಲಿ ನಡೆದವರು ವಿರಳ.

ಅಯೋಗ್ಯತೆಯ ಭಾವವು ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಜಾನ್ ಬನ್ಯನ್ನನು 1666ರಲ್ಲಿ ಪ್ರಕಟಿಸಿದ ಆತ್ಮಕಥನವು ಪ್ರಸಿದ್ಧ ನಿದರ್ಶನ. ಕ್ರಿಸ್ತನನ್ನು ತಾನು ಮನಸ್ಸಿನಲ್ಲಿ ಮಾರಿಬಿಟ್ಟೆನೆಂಬ ಭೀತಿಯಿಂದ, ಕಣ್ಣೀರಿಟ್ಟು ಬೇಡಿದರೂ ಕಳೆದುಕೊಂಡದ್ದನ್ನು ಪಡೆಯದ ಏಸಾವನೇ ತಾನೆಂದು ಆತನು ಬಹುಕಾಲ ಕುದಿದನು. ಆತನ ‘ಯಾತ್ರಿಕನ ಸಂಚಾರ’ವು 1678ರಲ್ಲಿ ಹೊರಟು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕನ್ನಡಕ್ಕೂ ಬಂದಿತು. ಅದರಲ್ಲಿ ಯಾತ್ರಿಕನು ಹೊರಟ ಸ್ವಲ್ಪ ದೂರದಲ್ಲಿಯೇ ನಿರಾಶೆಯ ಕೆಸರಿನಲ್ಲಿ ಬೀಳುತ್ತಾನೆ. ಪಾಪಿಗೆ ತನ್ನ ಪಾಪವು ತಿಳಿದಾಗ ಹುಟ್ಟುವ ಭಯಸಂಶಯಗಳೆಲ್ಲ ಹರಿದುಬಂದು ನಿಂತದ್ದೇ ಆ ಕೆಸರು. ಎಷ್ಟು ಮಣ್ಣು ಹಾಕಿದರೂ ಅದು ತುಂಬದು. ಅದನ್ನು ದಾಟಲು ಒಡೆಯನು ನಡುವೆ ಮೆಟ್ಟಿಲುಗಳನ್ನು ಇರಿಸಿದ್ದನಾದರೂ ಹೆದರಿದವನ ಕಣ್ಣಿಗೆ ಅವು ಕಾಣುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಗದ್ದೆಯ ಅಂಚನ್ನು ತಪ್ಪಿ ಕೆಸರಿಗೆ ಕಾಲಿಟ್ಟವನಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನಿನ ಹೊರೆಯು ಬೀಳುವುದು ಅಲ್ಲಿ ಅಲ್ಲ, ಇನ್ನೂ ಮುಂದೆ, ಶಿಲುಬೆಯ ಮುಂದೆ. ಅದನ್ನು ಬಿಚ್ಚಲು ಯಾತ್ರಿಕನು ಕೈಯನ್ನೂ ಎತ್ತುವುದಿಲ್ಲ.

ಐವತ್ತೊಂದನೆಯ ಕೀರ್ತನೆಯು ಇವೆಲ್ಲಕ್ಕೂ ಹಿಂದಿನದು. ದಾವೀದನು ಬತ್ಷೆಬೆಯ ವಿಷಯದಲ್ಲಿ ಮಾಡಿದ ಪಾಪವನ್ನು ನಾತಾನನು ಎತ್ತಿ ತೋರಿಸಿದ ಮೇಲೆ ಹಾಡಿದುದೆಂದು ಅದರ ಶೀರ್ಷಿಕೆಯು ಹೇಳುತ್ತದೆ. ಕ್ರೈಸ್ತಪರಂಪರೆಯ ಏಳು ಪಶ್ಚಾತ್ತಾಪದ ಕೀರ್ತನೆಗಳಲ್ಲಿ ಅದು ನಾಲ್ಕನೆಯದು. ಹಿಸ್ಸೋಪ್ ಎಂಬ ಗಿಡದಿಂದ ಪ್ರೋಕ್ಷಿಸಿ ಶುದ್ಧಮಾಡಬೇಕೆಂಬ ಅದರ ಬೇಡಿಕೆಯು ದರ್ಭೆಯ ಪ್ರೋಕ್ಷಣೆಯನ್ನು ಬಲ್ಲವರಿಗೆ ಕೂಡಲೇ ಅರ್ಥವಾಗುವುದು. ಆದರೆ ಅಲ್ಲಿಯೇ ಕವಿಯು ಹೋಮಬಲಿಗಳನ್ನು ಪಕ್ಕಕ್ಕೆ ಸರಿಸಿ, ಮುರಿದ ಮನಸ್ಸನ್ನೇ ಬಲಿಯೆಂದು ಒಪ್ಪಿಸುತ್ತಾನೆ. ಮುರಿದದ್ದನ್ನು, ಊನವಾದದ್ದನ್ನು ಬಲಿಯಾಗಿ ಒಪ್ಪಿಸಬಾರದೆಂಬುದು ಆ ಜನರ ಯಜ್ಞವಿಧಿ. ಪಶುವು ಅಂಗಹೀನವಾಗಿರಬಾರದೆಂಬುದು ನಮ್ಮ ಶ್ರೌತವಿಧಿಯೂ ಹೌದು. ಊನವಾದ ಹವಿಸ್ಸನ್ನೇ ತಂದಿರುವೆನೆಂದು ತಿಳಿದೂ ತರುವ ಈ ಸಾಹಸವನ್ನು ಕನ್ನಡದ ವ್ಯಾಖ್ಯಾನಗಳು ನಮ್ರತೆಯೆಂದು ಮಾತ್ರ ಬಣ್ಣಿಸುವುದು ಸಾಲದು.

ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿ ಹಿಡಿದು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದಾಗ, ಈ ವಸ್ತುವು ಕ್ರೈಸ್ತರ ಸ್ವತ್ತು ಮಾತ್ರವಲ್ಲವೆಂಬುದು ಕನ್ನಡದಲ್ಲಿ ಸಿದ್ಧವಾಯಿತು. ಆ ಗುಡ್ಡದ ಮೇಲೆ ಶಿಲುಬೆಗೇರಿಸಲ್ಪಟ್ಟ ದುಷ್ಕರ್ಮಿಗಳಲ್ಲಿ ಒಬ್ಬನ ಮಾತನ್ನು ಲೂಕನು ಬರೆದಿಟ್ಟಿರುವನು. ತಮಗೆ ನ್ಯಾಯವಾದ ಶಿಕ್ಷೆಯೇ ಆಯಿತೆಂದು ಆತನು ಒಪ್ಪುತ್ತಾನೆ. ಆದರೆ ಕ್ಷಮಿಸೆಂದು ಬೇಡುವುದಿಲ್ಲ; ಬೇಡುವ ಯೋಗ್ಯತೆಯೂ ತನಗಿಲ್ಲವೆಂದು ಆತನಿಗೆ ತೋರಿರಬಹುದು. ರಾಜ್ಯಕ್ಕೆ ಬಂದಾಗ ತನ್ನನ್ನು ನೆನೆಸಿಕೊಳ್ಳಬೇಕೆಂದು ಮಾತ್ರ ಕೇಳುತ್ತಾನೆ. ಕೂಲಿಯಾಳಾಗಬೇಕೆಂದ ಮಗನಂತೆ, ಮನೆಯೊಳಗೆ ಬರುವುದು ಬೇಡವೆಂದ ಶತಾಧಿಪತಿಯಂತೆ ಈತನೂ ತನ್ನ ಬೇಡಿಕೆಯನ್ನು ತನ್ನ ಯೋಗ್ಯತೆಯ ಅಳತೆಗೆ ಕತ್ತರಿಸಿಕೊಂಡಿರುವನು. ಕೃಚ್ಛ್ರಕ್ಕಾಗಲಿ ಚಾಂದ್ರಾಯಣಕ್ಕಾಗಲಿ ಆತನಿಗೆ ಕಾಲವಿಲ್ಲ. ಕಾಣಿಕೆಯಿಡಲು ಕೈಗಳೂ ಬಿಡುವಾಗಿಲ್ಲ. ಮುಂದೆಂದೋ ಒಂದು ದಿನದ ನೆನಪನ್ನು ಬೇಡಿದವನಿಗೆ ದೊರೆತ ಉತ್ತರದಲ್ಲಿರುವ ಕಾಲವಾಚಕವು ‘ಈ ಹೊತ್ತು’.